ಹೆಸರು ಮುಚ್ಚಿಟ್ಟರು, ಪದಕ ಬಿಚ್ಚಿಟ್ಟರು: ಒಂದು ಸುದ್ದಿ ಆಪ್‌ನ ವಿಮರ್ಶೆ

ಎರಡು ವರ್ಷದಿಂದ ಚಂದಾ ಕಟ್ಟಿ ಓದುತ್ತಿರುವ ಒಂದು ಸುದ್ದಿ ಆಪ್ ಬಗ್ಗೆ ಬರೆಯುತ್ತಿದ್ದೇನೆ. ಐದಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಕಳೆದ ವರ್ಷ ಕೇಳಿದ್ದರೆ ನಾಲ್ಕು ಕೊಡುತ್ತಿದ್ದೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ನೆಟ್‌ವರ್ಕ್ ಸರಿಯಿಲ್ಲದಿದ್ದರೂ ಬೇಗ ತೆರೆಯುತ್ತದೆ. ಜಾಹೀರಾತಿನ ಕಾಟ ಕಡಿಮೆ. ಅದೆಲ್ಲ ಚೆನ್ನಾಗಿಯೇ ಇದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಆಪ್‌ನ ಹೆಸರನ್ನೂ ಹೇಳುವುದಿಲ್ಲ. ವಿಮರ್ಶೆ ಬರೆದು ಹೆಸರೇ ಹೇಳದಿದ್ದರೆ ಹೇಗೆ ಅಂತ ನೀವು ಕೇಳಬಹುದು. ಹೆಸರು ಹೇಳಿದರೆ ಯಾವ ಪ್ರಕರಣ ಅಂತ ಹುಡುಕುವುದಕ್ಕೆ ಎರಡು ನಿಮಿಷ ಸಾಕು. ಆಮೇಲೆ ಯಾವ ಶಾಲೆ, ಯಾವ ಹುಡುಗ ಅನ್ನುವುದೆಲ್ಲ ತಾನಾಗಿಯೇ ಬರುತ್ತದೆ. ಅದಾಗಬಾರದು ಅಂತಲೇ ಇದನ್ನು ಬರೆಯುತ್ತಿರುವುದು. ಹಾಗಾಗಿ ಊರು, ಶಾಲೆ, ಇಸವಿ ಯಾವುದೂ ಇಲ್ಲಿ ಇರುವುದಿಲ್ಲ. ನಾನು ನೋಡಿದ ಜಾಗಗಳನ್ನೇ ನೀವು ನಿಮ್ಮ ಆಪ್‌ನಲ್ಲೂ ನೋಡಿ. ಹೆಚ್ಚು ಕಮ್ಮಿ ಇದೇ ಕಾಣುತ್ತದೆ ಅಂತ ನನ್ನ ಅಂದಾಜು.

ನಾನು ಗಣಿತ ಮೇಷ್ಟ್ರು. 24 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಒಂದು ದಿನ ಮೊದಲ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಫೋನಿನಲ್ಲಿ ಈ ಆಪ್‌ನ ಅಲರ್ಟ್ ಇತ್ತು. ಸಹಪಾಠಿಯ ಸಾವು, ಒಲಿಂಪಿಯಾಡ್ ಪದಕ ಗೆದ್ದ 17ರ ಬಾಲಕ ಪೊಲೀಸ್ ವಶಕ್ಕೆ. ಇಷ್ಟೇ ಇತ್ತು. ಹೆಸರಿರಲಿಲ್ಲ. ಆದರೂ ಓದಿದ ತಕ್ಷಣ ಯಾರು ಅಂತ ಗೊತ್ತಾಯಿತು. ಮೂರು ವರ್ಷ ನನ್ನ ಕ್ಲಾಸಿನಲ್ಲಿ ಕೂತಿದ್ದ ಹುಡುಗ. ಬೆಂಚಿಗೆ ಮರಳಿ ಬಂದು ಕೂತೆ. ಕೈ ನಡುಗುತ್ತಿತ್ತು. ತೀರಿಕೊಂಡವರು ಯಾರು ಅನ್ನುವುದು ಆ ಅಲರ್ಟ್‌ನಿಂದ ಗೊತ್ತಾಗಲಿಲ್ಲ. ಅದು ತಿಳಿದದ್ದು ಸಂಜೆ, ಇನ್ನೊಬ್ಬ ಟೀಚರ್ ಫೋನ್ ಮಾಡಿದಾಗ. ಆ ಮಗುವೂ ಅದೇ ಬ್ಯಾಚು. ಅದೂ ನನ್ನ ಕ್ಲಾಸೇ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗ ಅದನ್ನು ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ. ಗೊತ್ತಿರಬೇಕಾದವರು ಅದನ್ನು ಕಂಡುಹಿಡಿಯಲಿ ಅಂತ ಕಾಯುತ್ತಿದ್ದೇನೆ. ಈ ಬರಹದಲ್ಲಿ ಅವನ ಪರವಾಗಿ ಒಂದು ಮಾತಿಲ್ಲ, ವಿರುದ್ಧವಾಗಿಯೂ ಇಲ್ಲ.

ಮೊದಲು ಅಲರ್ಟ್ ವಿಷಯ. ಈ ಆಪ್ ತನ್ನ ಅಲರ್ಟ್ ಸೇವೆಯನ್ನು ತುಂಬಾ ಹೊಗಳಿಕೊಳ್ಳುತ್ತದೆ. ಮುಖ್ಯವಾದದ್ದು ಮಾತ್ರ, ಬೇಕಾದಾಗ ಮಾತ್ರ ಅನ್ನುತ್ತದೆ. 12 ದಿನದಲ್ಲಿ ಈ ಒಂದೇ ಪ್ರಕರಣದ ಮೇಲೆ 23 ಅಲರ್ಟ್ ಬಂದವು. ಮಾರ್ಕ್ಸ್ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ 14 ಹುಡುಗನ ಓದು, ಪದಕ, ರ್‍ಯಾಂಕ್, ಅಭ್ಯಾಸಗಳ ಬಗ್ಗೆ. 4 ಅವನ ಅಪ್ಪ ಅಮ್ಮನ ಬಗ್ಗೆ. 4 ಪೊಲೀಸ್ ಮತ್ತು ಕೋರ್ಟ್ ಬಗ್ಗೆ. ತೀರಿಕೊಂಡ ಮಗುವಿನ ಬಗ್ಗೆ 1. ಆ ಒಂದೂ ಅಂತ್ಯಕ್ರಿಯೆಗೆ ಜನ ಸೇರಿದ ಸುದ್ದಿ. ಒಂದು ರಾತ್ರಿ 11:40ಕ್ಕೆ ಫೋನ್ ಸದ್ದು ಮಾಡಿತು. ಟಾಪರ್‌ನ ಕೋಣೆಯಲ್ಲಿ ಏನೇನಿತ್ತು ಅಂತ ಕೇಳುವ ತಲೆಬರಹ. ತೆರೆದು ನೋಡಿದರೆ ಪುಸ್ತಕಗಳು, ಒಂದು ಟೇಬಲ್ ಲ್ಯಾಂಪು, ಗೋಡೆಯ ಮೇಲೆ ಟೈಮ್ ಟೇಬಲ್ಲು. ಪರೀಕ್ಷೆಗೆ ಓದುವ ಯಾವ ಹುಡುಗನ ಕೋಣೆಯಲ್ಲೂ ಇರುವುದು. ಅದನ್ನು ತಿಳಿಸುವುದಕ್ಕೆ ನಡುರಾತ್ರಿ ಎಬ್ಬಿಸಬೇಕಾಗಿತ್ತಾ?

ಕೋರ್ಟ್‌ನ ಸುದ್ದಿ ಮಾತ್ರ ಸಾಕು, ಉಳಿದದ್ದು ಬೇಡ ಅಂತ ಆರಿಸಿಕೊಳ್ಳುವ ದಾರಿ ಆಪ್‌ನಲ್ಲಿ ಇಲ್ಲ. ಒಂದೋ ಆ ಪ್ರಕರಣದ ಎಲ್ಲವೂ ಬರಬೇಕು, ಇಲ್ಲ ಏನೂ ಬರಬಾರದು. ನಾನು ಪೂರ್ತಿ ಬಂದ್ ಮಾಡಿದೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಆಪ್‌ನವರು ಒಂದು ಸಾಲನ್ನು ಪ್ರತಿ ವರದಿಯ ಕೆಳಗೂ ಹಾಕುತ್ತಾರೆ. ಕಾನೂನಿನ ಪ್ರಕಾರ ಬಾಲಕನ ಹೆಸರನ್ನು ಗೋಪ್ಯವಾಗಿಡಲಾಗಿದೆ ಅಂತ. ಹೆಸರೇನೋ ಇಲ್ಲ, ನಿಜ. ಆದರೆ ಮೇಲೆ ಏನಿದೆ ನೋಡಿ. ಯಾವ ಸ್ಪರ್ಧೆ ಅಂತ ಇದೆ. ಯಾವ ವರ್ಷದ ಪದಕ ಅಂತ ಇದೆ. ಬೋರ್ಡ್ ಪರೀಕ್ಷೆಯಲ್ಲಿ ಎಷ್ಟನೇ ಸ್ಥಾನ ಅಂತ ಇದೆ. ಮುಖ ಮಸುಕು ಮಾಡಿದ ಫೋಟೋ ಇದೆ, ಅದರಲ್ಲಿ ಕೊರಳಿನ ಪದಕ ಸ್ಪಷ್ಟವಾಗಿ ಕಾಣುತ್ತದೆ, ಟೈ ಮೇಲಿನ ಪಟ್ಟೆಯೂ ಕಾಣುತ್ತದೆ.

ಒಬ್ಬ ಸಾಧಾರಣ ಹುಡುಗನ ಹೆಸರು ಮುಚ್ಚಿಟ್ಟರೆ ಅವನು ನಿಜವಾಗಿಯೂ ಮರೆಯಲ್ಲಿ ಇರುತ್ತಾನೆ. ಹತ್ತನೇ ಕ್ಲಾಸಿನ ಹುಡುಗ, ಗಣಿತದಲ್ಲಿ 52 ಅಂದರೆ ಯಾರು ಅಂತ ಯಾರಿಗೆ ಗೊತ್ತಾಗುತ್ತದೆ? ಟಾಪರ್ ವಿಷಯ ಹಾಗಲ್ಲ. ಅವನ ಪದಕವೇ ಅವನ ವಿಳಾಸ. ಗೆದ್ದವರ ಪಟ್ಟಿ ಇಂಟರ್ನೆಟ್‌ನಲ್ಲಿ ಇರುತ್ತದೆ. ಶಾಲೆಯವರು ಸನ್ಮಾನ ಮಾಡಿ ಫೋಟೋ ಹಾಕಿರುತ್ತಾರೆ. ಕೋಚಿಂಗ್ ಸೆಂಟರಿನವರು ಬ್ಯಾನರ್ ಕಟ್ಟಿರುತ್ತಾರೆ. ಆ ಮಕ್ಕಳ ಹೆಸರನ್ನು ನಾವೇ ವರ್ಷಗಟ್ಟಲೆ ಮೆರೆಸಿರುತ್ತೇವೆ. ಆಮೇಲೆ ಒಂದು ದಿನ ಹೆಸರು ಮಾತ್ರ ತೆಗೆದು ಉಳಿದದ್ದೆಲ್ಲ ಬರೆದರೆ ಏನು ಮುಚ್ಚಿಟ್ಟ ಹಾಗಾಯಿತು? ನಾನು ಪರೀಕ್ಷಿಸಿ ನೋಡಿದೆ. ಆಪ್‌ನ ವರದಿಯಲ್ಲಿದ್ದ ಸ್ಪರ್ಧೆ ಮತ್ತು ವರ್ಷವನ್ನು ಮಾತ್ರ ಸರ್ಚ್ ಮಾಡಿದೆ. ಮೊದಲ ಪುಟದಲ್ಲೇ ಅವನ ಹೆಸರು, ಫೋಟೋ, ಅಪ್ಪನ ಹೆಸರು ಸಹ ಸಿಕ್ಕಿತು.

ಕಾನೂನು ಮುಚ್ಚಿಡಬೇಕು ಅನ್ನುವುದು ಹೆಸರನ್ನು ಮಾತ್ರ ಅಲ್ಲ. ಭಾರತದ ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ತೆಗೆದು ಓದಿ. ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಬೇರೆ ಯಾವ ವಿವರವನ್ನೂ ಪ್ರಕಟಿಸಬಾರದು ಅಂತಿದೆ. ಚಿತ್ರವೂ ಹಾಗೇ. ಅದು ಆರೋಪಕ್ಕೆ ಒಳಗಾದ ಮಗುವಿಗೆ ಮಾತ್ರ ಅಲ್ಲ, ಬಲಿಯಾದ ಮಗುವಿಗೂ ಸಾಕ್ಷಿ ಹೇಳುವ ಮಗುವಿಗೂ ಅನ್ವಯಿಸುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಇಂಗ್ಲೆಂಡಿನಲ್ಲಿ ಮಕ್ಕಳ ಕೋರ್ಟ್‌ಗಳಿಗೆ ಸಂಬಂಧಿಸಿದ ಇಂಥದ್ದೇ ನಿಯಮ 1933ರ ಕಾಯ್ದೆಯಲ್ಲಿಯೇ ಇದೆ. ಅಲ್ಲಿಯೂ ಶಾಲೆ, ಚಿತ್ರ ಎರಡನ್ನೂ ಸೇರಿಸಿದ್ದಾರೆ. ಬಾಲನ್ಯಾಯದ ಬಗ್ಗೆ ವಿಶ್ವಸಂಸ್ಥೆ 1985ರಲ್ಲಿ ಒಪ್ಪಿದ ಬೀಜಿಂಗ್ ನಿಯಮಗಳ 8ನೇ ನಿಯಮವೂ ಇದನ್ನೇ ಹೇಳುತ್ತದೆ. ಗುರುತಿಗೆ ದಾರಿ ಮಾಡಿಕೊಡುವ ಯಾವ ಮಾಹಿತಿಯೂ ಹೊರಬರಬಾರದು. ದಾರಿ ಮಾಡಿಕೊಡುವ ಅನ್ನುವ ಮಾತನ್ನು ಗಮನಿಸಿ. ಆ ಪದಕದ ಫೋಟೋ ದಾರಿಯಲ್ಲದೆ ಇನ್ನೇನು?

ಇದರ ಪರಿಣಾಮ ನಾನು ಊಹಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಆ ವರ್ಷ ಅದೇ ಸ್ಪರ್ಧೆಯಲ್ಲಿ ಪದಕ ಗೆದ್ದ ಇನ್ನೊಬ್ಬ ಹುಡುಗನಿದ್ದ. ವಯಸ್ಸೂ ಸುಮಾರು ಅಷ್ಟೇ. ಆಪ್‌ನ ವರದಿಯ ಕೆಳಗೆ ಯಾರೋ ಅವನ ಹೆಸರು ಬರೆದರು. ಅದರ ಕೆಳಗೆ ಮತ್ತೊಬ್ಬರು ಅವನ ಫೋಟೋದ ಲಿಂಕ್ ಹಾಕಿದರು. ಆ ಹುಡುಗನಿಗೂ ಈ ಪ್ರಕರಣಕ್ಕೂ ಏನೇನೂ ಸಂಬಂಧ ಇಲ್ಲ. ನಾನು ದೂರು ಕೊಡುವ ಗುಂಡಿ ಒತ್ತಿದೆ. ನನ್ನ ಜತೆಯ ಮೂವರು ಟೀಚರ್‌ಗಳೂ ಒತ್ತಿದರು. ಆ ಕಾಮೆಂಟ್ ಹೋಗುವುದಕ್ಕೆ 31 ಗಂಟೆ ಬೇಕಾಯಿತು. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ನಮ್ಮ ಶಾಲೆಯ ಪೋಷಕರ ವಾಟ್ಸಾಪ್ ಗುಂಪಿಗೂ ಬಂದಿತ್ತು.

2013ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗಲೂ ಹೀಗೇ ಆಗಿತ್ತು. ಇಂಟರ್ನೆಟ್‌ನಲ್ಲಿ ಜನ ತಾವೇ ಪತ್ತೇದಾರರಾದರು. ಕಾಣೆಯಾಗಿದ್ದ ಒಬ್ಬ ಕಾಲೇಜು ವಿದ್ಯಾರ್ಥಿಯೇ ಅಪರಾಧಿ ಅಂತ ಹಬ್ಬಿಸಿದರು. ಅವನಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ. ಆಮೇಲೆ ಅವನ ಶವ ಸಿಕ್ಕಿತು. ಮಗನನ್ನು ಹುಡುಕುತ್ತಿದ್ದ ಮನೆಯವರು ಆ ಬೈಗುಳಗಳನ್ನೆಲ್ಲ ಓದಬೇಕಾಯಿತು. ಇಷ್ಟು ದೊಡ್ಡ ಪಾಠ ಆದ ಮೇಲೂ ಒಂದು ಸುದ್ದಿ ಆಪ್ ಮಕ್ಕಳ ಪ್ರಕರಣದ ಕೆಳಗೆ ಕಾಮೆಂಟ್ ಬಾಕ್ಸ್ ತೆರೆದಿಡುತ್ತದೆ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬ್ರಿಟನ್‌ನಲ್ಲಿ 1981ರ ನ್ಯಾಯಾಂಗ ನಿಂದನೆ ಕಾಯ್ದೆ ಇದೆ. ವಿಚಾರಣೆಗೆ ಧಕ್ಕೆ ಆಗುವಂಥದ್ದನ್ನು ಪ್ರಕಟಿಸಿದರೆ ಕಷ್ಟ ಅಂತ ಅಲ್ಲಿನ ಎಷ್ಟೋ ಸುದ್ದಿ ತಾಣಗಳು ನಡೆಯುತ್ತಿರುವ ಪ್ರಕರಣಗಳಲ್ಲಿ ಕಾಮೆಂಟ್ ಮುಚ್ಚುತ್ತವೆ. ಒಂದು ಗುಂಡಿ ಒತ್ತುವ ಕೆಲಸ ಅದು.

ಕಾಮೆಂಟ್‌ಗಳನ್ನು ನಾನು ಎರಡು ರಾತ್ರಿ ಕೂತು ಓದಿದೆ. ಓದಬಾರದಿತ್ತು, ಆದರೆ ಓದಿದೆ. ಒಂದು ಗುಂಪಿನವರದ್ದು ಒಂದೇ ಮಾತು. ಇಷ್ಟು ಓದುವ ಹುಡುಗ ಹೀಗೆ ಮಾಡುವುದಕ್ಕೆ ಸಾಧ್ಯವೇ ಇಲ್ಲ, ಬಂಗಾರದಂಥ ಭವಿಷ್ಯ, ಹಾಳು ಮಾಡಬೇಡಿ. ಇನ್ನೊಂದು ಗುಂಪಿನವರದ್ದು ಅದಕ್ಕೆ ವಿರುದ್ಧ. ಬುದ್ಧಿ ಇದ್ದದ್ದಕ್ಕೇ ಲೆಕ್ಕ ಹಾಕಿ ಮಾಡಿದ್ದಾನೆ, ಇಂಥವನಿಗೆ ವಯಸ್ಸಿನ ರಿಯಾಯಿತಿ ಬೇಡ, ಗಲ್ಲಿಗೆ ಹಾಕಿ. ಎರಡು ಗುಂಪೂ ರಾತ್ರಿಯಿಡೀ ಜಗಳ ಆಡಿದವು. ಆದರೆ ಎರಡೂ ಗುಂಪಿನವರು ಕೈಯಲ್ಲಿ ಹಿಡಿದಿದ್ದು ಒಂದೇ ಮಾರ್ಕ್ಸ್ ಕಾರ್ಡು. ಮೇಷ್ಟ್ರಾಗಿ ಹೇಳುತ್ತೇನೆ, ಗಣಿತದಲ್ಲಿ 100 ತೆಗೆದಿದ್ದಾನೆ ಅಂದರೆ ನಮಗೆ ಗೊತ್ತಾಗುವುದು ಅವನಿಗೆ ಗಣಿತ ಬರುತ್ತದೆ ಅನ್ನುವುದು ಮಾತ್ರ. ಆ ರಾತ್ರಿ ಎಲ್ಲಿದ್ದ, ಏನು ಮಾಡಿದ, ಮಾಡಲಿಲ್ಲ ಅನ್ನುವುದು ಆ 100ರಿಂದ ಗೊತ್ತಾಗುವುದಿಲ್ಲ. ಸಾಕ್ಷಿಯಿಂದ ಗೊತ್ತಾಗಬೇಕು.

ಮೂರನೆಯ ಒಂದು ಗುಂಪೂ ಇತ್ತು. ಅಪ್ಪ ಅಮ್ಮನನ್ನು ಬೈಯುವವರು. ಬರೀ ಓದು ಓದು ಅಂತ ಒತ್ತಡ ಹಾಕಿದರು, ಅದಕ್ಕೇ ಹೀಗಾಯಿತು ಅಂತ. ಆ ತಂದೆ ತಾಯಿಯನ್ನು ನಾನು ಪೋಷಕರ ಸಭೆಯಲ್ಲಿ ವರ್ಷಕ್ಕೆ ಎರಡು ಸಲ ನೋಡಿದ್ದೇನೆ. ಆ ಮನೆಯೊಳಗೆ ಏನು ನಡೆಯುತ್ತಿತ್ತು ಅನ್ನುವುದು ಮೂರು ವರ್ಷ ನೋಡಿದ ನನಗೇ ಗೊತ್ತಿಲ್ಲ. ಮೂರು ನಿಮಿಷ ಸುದ್ದಿ ಓದಿದವರಿಗೆ ಹೇಗೆ ಗೊತ್ತಾಯಿತು? ಆಪ್ ಮಾತ್ರ ಅತಿ ಜಾಸ್ತಿ ಲೈಕ್ ಬಂದದ್ದನ್ನು ಮೇಲಕ್ಕೆ ತಂದು ಕೂರಿಸುತ್ತಿತ್ತು. ಗಲ್ಲಿಗೆ ಹಾಕಿ ಅನ್ನುವ ಮಾತು ನಾಲ್ಕು ದಿನ ಎಲ್ಲಕ್ಕಿಂತ ಮೇಲಿತ್ತು. ಕೆಟ್ಟ ಪದಗಳನ್ನು ಹಿಡಿಯುವ ಫಿಲ್ಟರ್ ಇದೆಯಂತೆ. ಗಲ್ಲು ಅದಕ್ಕೆ ಕೆಟ್ಟ ಪದ ಅಲ್ಲ.

ಇನ್ನು ನನ್ನ ವಿಷಯ. ಇದನ್ನು ಬರೆಯದೆ ಬಿಟ್ಟರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ.

ಎರಡನೇ ದಿನ ಆಪ್‌ನ ಒಬ್ಬ ವರದಿಗಾರರು ನನಗೆ ಫೋನ್ ಮಾಡಿದರು. "ಸರ್, ನೀವು ಅವನಿಗೆ ಪಾಠ ಮಾಡಿದ್ದೀರಂತೆ. ಹೇಗಿದ್ದ?" ನಾನು ಇನ್ನೂ ಆಘಾತದಲ್ಲಿದ್ದೆ. "ತುಂಬಾ ಜಾಣ. ಯಾರಿಗೂ ಎದುರು ಮಾತಾಡಿದವನಲ್ಲ. ನಂಬೋಕೇ ಆಗ್ತಿಲ್ಲ" ಅಂದೆ. ಅಷ್ಟೇ ಕೇಳಿದರು, ಥ್ಯಾಂಕ್ಸ್ ಹೇಳಿ ಇಟ್ಟರು. ಅರ್ಧ ಗಂಟೆಯೊಳಗೆ ಅದು ತಲೆಬರಹವಾಯಿತು. ನಂಬಲಾಗುತ್ತಿಲ್ಲ ಎಂದ ಗುರು ಅಂತ. 23 ಅಲರ್ಟ್‌ಗಳಲ್ಲಿ ಅದೂ ಒಂದು.

ಮರುದಿನ ಮಧ್ಯಾಹ್ನ ಇನ್ನೊಂದು ಫೋನ್ ಬಂತು. ತೀರಿಕೊಂಡ ಮಗುವಿನ ತಾಯಿ. ಅವರು ಅಳಲಿಲ್ಲ, ಬೈಯಲಿಲ್ಲ. "ಮೇಷ್ಟ್ರೇ, ಪೇಪರಲ್ಲಿ ನಿಮ್ಮ ಮಾತು ಓದಿದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ನಮ್ಮ ಮಗೂನೂ ನಿಮ್ಮ ಕ್ಲಾಸಲ್ಲೇ ಇತ್ತಲ್ವಾ?"

ಇತ್ತಮ್ಮ ಅಂದೆ. ಬೇರೆ ಏನು ಹೇಳಲಿ?

ವರದಿಗಾರರು ಆ ಮಗುವಿನ ಬಗ್ಗೆ ಕೇಳಲಿಲ್ಲ, ನಿಜ. ಆದರೆ ಕೇಳದಿದ್ದರೂ ನಾನು ಹೇಳಬಹುದಿತ್ತು. ಇಬ್ಬರೂ ನನ್ನ ವಿದ್ಯಾರ್ಥಿಗಳು ಅಂತ ಒಂದು ಮಾತು ಸಾಕಿತ್ತು. ಆ ಕ್ಷಣಕ್ಕೆ ನನ್ನ ತಲೆಯಲ್ಲೂ ಇದ್ದದ್ದು ಪದಕದ ಹುಡುಗನೇ. ಬಿ.ಎಡ್. ಓದುವಾಗ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನ ಪಾಠ ಇತ್ತು. 1920ರಲ್ಲಿ ಅವನು ಒಂದು ವಿಷಯ ತೋರಿಸಿದ್ದ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಡತೆ ಹೀಗೆ ಬೇರೆ ಬೇರೆ ಅಂಕ ಕೊಟ್ಟಿದ್ದರು. ಒಂದರಲ್ಲಿ ಜಾಸ್ತಿ ಪಡೆದವರಿಗೆ ಎಲ್ಲದರಲ್ಲೂ ಜಾಸ್ತಿ ಬಿದ್ದಿತ್ತು. ಪರೀಕ್ಷೆಗೆ ಅಂತ ಅದನ್ನು ಬಾಯಿಪಾಠ ಮಾಡಿದ್ದೆ. ಮೇಷ್ಟ್ರುಗಳು ಇದರಿಂದ ಎಚ್ಚರವಾಗಿರಬೇಕು ಅಂತ ಉತ್ತರ ಪತ್ರಿಕೆಯಲ್ಲಿ ಬರೆದೂ ಇದ್ದೆ. ಜಾಣ ಅಂತ ಹೇಳಿದ ಉಸಿರಲ್ಲೇ ಎದುರು ಮಾತಾಡಿದವನಲ್ಲ ಅಂತ ಸೇರಿಸಿದೆನಲ್ಲ, ಅದು ಇದೇ.

ಅಮೆರಿಕದ ಒಂದು ಪ್ರಕರಣ ಆಗ ನೆನಪಾಯಿತು. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಲೈಂಗಿಕ ದೌರ್ಜನ್ಯ. ಆರೋಪಿ ಬ್ರಾಕ್ ಟರ್ನರ್‌ಗೆ 19 ವರ್ಷ, ಒಳ್ಳೆಯ ಈಜುಗಾರ. 2016ರಲ್ಲಿ ಅಪರಾಧ ಸಾಬೀತಾಯಿತು. ನ್ಯಾಯಾಧೀಶರು ಕೊಟ್ಟದ್ದು 6 ತಿಂಗಳ ಶಿಕ್ಷೆ, ಅವನು ಹೊರಬಂದದ್ದು 3 ತಿಂಗಳಿಗೆ. ಜನ ಎಷ್ಟು ಸಿಟ್ಟಾದರು ಅಂದರೆ 2018ರಲ್ಲಿ ಮತ ಹಾಕಿ ಆ ನ್ಯಾಯಾಧೀಶರನ್ನೇ ಕೆಳಗಿಳಿಸಿದರು. ನನಗೆ ಮರೆಯಲಾಗದ್ದು ಬೇರೆ. ಆ ಹೆಣ್ಣುಮಗಳು ಕೋರ್ಟ್‌ನಲ್ಲಿ ಓದಿದ ಹೇಳಿಕೆಯಲ್ಲಿ ಒಂದು ಮಾತಿತ್ತು. ತನ್ನ ಮೇಲೆ ಏನಾಯಿತು ಅನ್ನುವ ವಿವರ ಅವಳು ತಿಳಿದದ್ದು ಒಂದು ಸುದ್ದಿ ಓದಿ. ಅದೇ ಸುದ್ದಿಯ ಕೊನೆಯಲ್ಲಿ ಅವನು ಎಷ್ಟು ಸೆಕೆಂಡಿಗೆ ಈಜುತ್ತಾನೆ ಅಂತ ಪಟ್ಟಿ ಕೊಟ್ಟಿದ್ದರು. ಅದನ್ನು ಹಿಂದೆ ಓದಿದಾಗ ಎಂಥ ಜನ ಅಂತ ಅನ್ನಿಸಿತ್ತು. ಈ ಸಲ ಅಂಥ ಪಟ್ಟಿಗೆ ಒಂದು ಸಾಲು ನಾನೂ ಕೊಟ್ಟಿದ್ದೆ.

ಹಾಗಾಗಿ ತಿದ್ದುಪಡಿ ಸೇವೆಯನ್ನು ಬಳಸಿದೆ. ಇದರ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಯಾವ ವಿಮರ್ಶೆಯಲ್ಲೂ ಇದರ ಬಗ್ಗೆ ಬರೆದದ್ದನ್ನು ನಾನು ನೋಡಿಲ್ಲ. ಆಪ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಹಾಯ, ಅದರೊಳಗೆ ನಮ್ಮ ಬಗ್ಗೆ, ಅದರ ಕೊನೆಯಲ್ಲಿ ತಪ್ಪು ತಿಳಿಸಿ ಅಂತ ಒಂದು ಫಾರ್ಮ್ ಇದೆ. ಹುಡುಕುವುದಕ್ಕೇ ಒಂದು ಸಂಜೆ ಹೋಯಿತು. ತಪ್ಪು ಯಾವ ಥರದ್ದು ಅಂತ ಆರು ಆಯ್ಕೆ ಕೊಡುತ್ತಾರೆ. ಹೆಸರು ತಪ್ಪು, ದಿನಾಂಕ ತಪ್ಪು, ಚಿತ್ರ ತಪ್ಪು, ಕಾಪಿರೈಟ್, ಅಸಭ್ಯ, ಇತರೆ. ಮಗುವಿನ ಗುರುತು ಬಯಲಾಗುತ್ತಿದೆ ಅನ್ನುವ ಆಯ್ಕೆ ಇಲ್ಲ. ಕೇಸು ಖುಲಾಸೆಯಾಗಿದೆ, ಹಳೆಯ ಸುದ್ದಿ ತಿದ್ದಿ ಅನ್ನುವ ಆಯ್ಕೆಯೂ ಇಲ್ಲ. ಇತರೆ ಒತ್ತಿದರೆ 300 ಅಕ್ಷರದೊಳಗೆ ಬರೆಯಬೇಕು.

ಎರಡು ಮನವಿ ಕಳಿಸಿದೆ. ಮೊದಲನೆಯದು ಪದಕದ ಫೋಟೋ, ಸ್ಪರ್ಧೆಯ ಹೆಸರು ತೆಗೆಯಿರಿ ಅಂತ. ಎರಡನೆಯದು ನನ್ನ ಮಾತಿನ ಜತೆ ಇನ್ನೊಂದು ಮಗುವಿನ ಬಗ್ಗೆ ನಾನು ಹೇಳುವ ನಾಲ್ಕು ಸಾಲು ಸೇರಿಸಿ ಅಂತ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಎರಡಕ್ಕೂ ತಕ್ಷಣ ಉತ್ತರ ಬಂತು. ಆಮೇಲೆ ಏನೂ ಇಲ್ಲ. ಒಂದು ವಾರ ಬಿಟ್ಟು ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು. "ಸರ್, ಆ ಮಾತು ನೀವು ಹೇಳಿದ್ದೇ ಅಲ್ವಾ? ಹಾಗಾದ್ರೆ ಅದರಲ್ಲಿ ತಪ್ಪು ಏನಿದೆ?" ಅಂತ ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಅವಳ ಮುಂದಿದ್ದ ಫಾರ್ಮಿನಲ್ಲಿ ನನ್ನ ಉತ್ತರಕ್ಕೆ ಜಾಗ ಇರಲಿಲ್ಲ.

ಮೊದಲ ಮನವಿಗೆ 11ನೇ ದಿನ ಫಲ ಸಿಕ್ಕಿತು. ಫೋಟೋ ತೆಗೆದರು, ಸ್ಪರ್ಧೆಯ ಹೆಸರು ತೆಗೆದರು, ಪ್ರತಿಭಾವಂತ ಬಾಲಕ ಅಂತ ಮಾತ್ರ ಉಳಿಸಿದರು. ಮಾಡಿದ್ದಕ್ಕೆ ಕೃತಜ್ಞತೆ ಇದೆ. ಆದರೆ ಹಿಂದಿನ ಅಲರ್ಟ್‌ಗಳು ಜನರ ಫೋನಿನಲ್ಲಿ ಹಾಗೇ ಇವೆ. ಸರ್ಚ್‌ನಲ್ಲಿ ಹಳೆಯ ತಲೆಬರಹವೇ ಇನ್ನೂ ಮೇಲೆ ಬರುತ್ತದೆ. ಸುದ್ದಿಗೆ 23 ಸಲ ಸದ್ದು ಮಾಡಿದ ಆಪ್ ತಿದ್ದುಪಡಿಗೆ ಒಂದು ಸಲವೂ ಸದ್ದು ಮಾಡಲಿಲ್ಲ. ಯುರೋಪಿನಲ್ಲಿ 2014ರ ಒಂದು ತೀರ್ಪಿನ ನಂತರ ತಮ್ಮ ಹೆಸರಿನ ಹಳೆಯ ಫಲಿತಾಂಶಗಳನ್ನು ಸರ್ಚ್‌ನಿಂದ ತೆಗೆಸುವುದಕ್ಕೆ ಜನ ಅರ್ಜಿ ಹಾಕಬಹುದು. ಈ ಹುಡುಗ ನಾಳೆ ನಿರಪರಾಧಿ ಅಂತ ಆದರೆ ಎಷ್ಟು ಕಡೆ ಅರ್ಜಿ ಹಾಕಬೇಕಾಗುತ್ತದೋ.

ಒಳ್ಳೆಯದನ್ನೂ ಹೇಳಬೇಕು. ಎರಡು ಸ್ಟಾರ್ ಕೊಟ್ಟದ್ದು ಸುಮ್ನೆ ಅಲ್ಲ. ಆ ಎರಡೂ ಸ್ಟಾರ್ ಈ ಆಪ್‌ನ ಕೋರ್ಟ್ ವರದಿಗಾರ್ತಿ ಒಬ್ಬರಿಗೆ ಸೇರಬೇಕು. ಅವರ ವರದಿಗಳು ಚಿಕ್ಕವು. ಇವತ್ತು ಏನು ನಡೆಯಿತು, ಮುಂದಿನ ದಿನಾಂಕ ಯಾವಾಗ, ಯಾವುದು ಇನ್ನೂ ತೀರ್ಮಾನ ಆಗಿಲ್ಲ. ಅವರು ಟಾಪರ್ ಅನ್ನುವ ಪದ ಒಂದು ಸಲವೂ ಬಳಸಿಲ್ಲ. ಆರೋಪಕ್ಕೊಳಗಾದ ಬಾಲಕ ಅಂತ ಮಾತ್ರ ಬರೆಯುತ್ತಾರೆ. ಭಾರತದ ಕಾಯ್ದೆಯಲ್ಲಿ 16 ತುಂಬಿದ ಮಕ್ಕಳ ಮೇಲೆ ಘೋರ ಅಪರಾಧದ ಆರೋಪ ಬಂದರೆ ಬಾಲನ್ಯಾಯ ಮಂಡಳಿ ಮೊದಲು ಒಂದು ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಮಗುವಿಗೆ ಅದನ್ನು ಮಾಡುವ ಶಕ್ತಿ ಇತ್ತಾ, ಪರಿಣಾಮ ಅರ್ಥವಾಗುತ್ತಿತ್ತಾ, ಯಾವ ಸಂದರ್ಭದಲ್ಲಿ ಆಯಿತು ಅಂತ ನೋಡುತ್ತಾರೆ. ಅದು ತಪ್ಪು ಮಾಡಿದ್ದಾನೆ ಅನ್ನುವ ತೀರ್ಪಲ್ಲ ಅಂತ ಅವರು ಎಷ್ಟು ಸರಳವಾಗಿ ವಿವರಿಸಿದ್ದರು ಅಂದರೆ ನಾನು ಅದನ್ನು ಪ್ರಿಂಟ್ ತೆಗೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದೆ. ಪರೀಕ್ಷೆಯಲ್ಲಿ ಬುದ್ಧಿವಂತ ಆಗಿರುವುದು ಬೇರೆ, ಕೋಪ ಬಂದಾಗ ಪರಿಣಾಮ ಯೋಚಿಸಿ ತಡೆದುಕೊಳ್ಳುವ ಪ್ರಾಯ ಬಂದಿರುವುದು ಬೇರೆ ಅಂತಲೂ ಬರೆದಿದ್ದರು. ಮೆದುಳಿನ ಆ ಭಾಗ ಬೆಳೆದು ಮುಗಿಯುವುದಕ್ಕೆ 20 ದಾಟಿ ಕೆಲವು ವರ್ಷ ಬೇಕು. 24 ವರ್ಷ ಮಕ್ಕಳ ನಡುವೆ ಇದ್ದವನಿಗೆ ಇದು ಕಣ್ಣಾರೆ ಕಂಡ ವಿಷಯ. ಲೆಕ್ಕದಲ್ಲಿ ನನ್ನನ್ನೇ ಹಿಂದೆ ಹಾಕುವ ಮಕ್ಕಳು ಒಂದು ಪೆನ್ಸಿಲ್ ಬಾಕ್ಸಿಗಾಗಿ ಹೊಡೆದಾಡಿದ್ದನ್ನು ಬಿಡಿಸಿದ್ದೇನೆ.

ಆ ವರದಿಗಾರ್ತಿಯ ಯಾವ ಬರಹಕ್ಕೂ ಅಲರ್ಟ್ ಬರಲಿಲ್ಲ. ನಾನೇ ಹುಡುಕಿಕೊಂಡು ಓದಿದೆ. ಅವರ ಹೆಸರಿನ ಪಕ್ಕದಲ್ಲಿ ಫಾಲೋ ಅಂತ ಗುಂಡಿ ಇದೆ. ಈ ಆಪ್ ಬಳಸುವವರು ಯಾರೇ ಆಗಲಿ, ಕೋರ್ಟ್ ವರದಿ ಬರೆಯುವವರನ್ನು ಹೀಗೆ ಫಾಲೋ ಮಾಡಿ, ಉಳಿದ ಅಲರ್ಟ್ ಬಂದ್ ಮಾಡಿ. ಆಪ್‌ನ ಉಪಯೋಗ ಪೂರ್ತಿ ಬದಲಾಗುತ್ತದೆ.

ಇದೆಲ್ಲ ಮೊಬೈಲ್ ಬಂದ ಮೇಲಿನ ಕಾಯಿಲೆ ಅಂತ ಸಹೋದ್ಯೋಗಿಗಳು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. 1924ರಲ್ಲಿ ಶಿಕಾಗೋದಲ್ಲಿ ನೇಥನ್ ಲಿಯೋಪೋಲ್ಡ್, ರಿಚರ್ಡ್ ಲೋಬ್ ಎಂಬ ಇಬ್ಬರು ಒಂದು ಕೊಲೆ ಮಾಡಿದರು. ಒಬ್ಬನಿಗೆ 19, ಇನ್ನೊಬ್ಬನಿಗೆ 18. ಇಬ್ಬರೂ ಅಷ್ಟು ಸಣ್ಣ ವಯಸ್ಸಿಗೇ ಪದವಿ ಮುಗಿಸಿದ್ದವರು. ತಪ್ಪು ಒಪ್ಪಿಕೊಂಡರು, ವಯಸ್ಸು ನೋಡಿ ಗಲ್ಲು ತಪ್ಪಿತು. ಪತ್ರಿಕೆಗಳು ಅವರ ಬುದ್ಧಿ, ಭಾಷೆಗಳು, ಓದಿನ ಬಗ್ಗೆ ಪುಟಗಟ್ಟಲೆ ಬರೆದವು. ನೂರು ವರ್ಷ ಆದರೂ ಆ ಪ್ರಕರಣಕ್ಕೆ ಅವರಿಬ್ಬರದ್ದೇ ಹೆಸರು. ಸತ್ತ ಹುಡುಗನಿಗೆ 14 ವರ್ಷ. ಬಾಬಿ ಫ್ರಾಂಕ್ಸ್ ಅಂತ ಅವನ ಹೆಸರು. ನಾನು ಇದನ್ನು ಕೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಇಬ್ಬರಿಗೆ ಲಿಯೋಪೋಲ್ಡ್ ಗೊತ್ತಿತ್ತು. ಬಾಬಿ ಒಬ್ಬರಿಗೂ ಗೊತ್ತಿರಲಿಲ್ಲ.

ಎರಡನೆಯ ಮನವಿಯಲ್ಲಿ ನಾನು ಕಳಿಸಿದ ನಾಲ್ಕು ಸಾಲು ಇವು. ಇದರಿಂದ ಗುರುತು ಹಿಡಿಯುವುದಕ್ಕೆ ಆಗುವುದಿಲ್ಲ, ಏಕೆಂದರೆ ಆ ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ತಾಯಿಯನ್ನು ಕೇಳಿಯೇ ಬರೆದೆ. ಕಿಟಕಿ ಪಕ್ಕ ಮೂರನೇ ಬೆಂಚಿನಲ್ಲಿ ಕೂರುತ್ತಿತ್ತು. ಉತ್ತರ ತಪ್ಪಾದರೆ ರಬ್ಬರ್ ಹಾಕಿ ಅಳಿಸುತ್ತಿರಲಿಲ್ಲ, ಸ್ಕೇಲ್ ಇಟ್ಟು ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದು ಬರೆಯುತ್ತಿತ್ತು. ಸೊನ್ನೆಯಿಂದ ಯಾಕೆ ಭಾಗಿಸಬಾರದು ಅಂತ ಒಂದು ದಿನ ಕೇಳಿತು, ನಾನು ಹೇಳಿದ್ದು ಒಪ್ಪಿಗೆಯಾಗದೆ ಮರುದಿನ ಮತ್ತೆ ಕೇಳಿತು. ಗ್ರಾಫ್ ಹಾಳೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆಯುವವರನ್ನು ನಾನು ಆ ಬ್ಯಾಚಿನಲ್ಲಿ ಬೇರೆ ನೋಡಲಿಲ್ಲ.

ಖಾಲಿ ಜಾಗ ಬಿಟ್ಟು ಎಣಿಸಿದರೆ 300 ಅಕ್ಷರ ಮೀರುತ್ತಿತ್ತು. ಹಾಗಾಗಿ ಎರಡು ಭಾಗ ಮಾಡಿ ಕಳಿಸಿದೆ. ಇವತ್ತು ಬೆಳಗ್ಗೆ ಕ್ಲಾಸಿಗೆ ಹೋಗುವ ಮುಂಚೆ ಮತ್ತೆ ತೆರೆದು ನೋಡಿದೆ. ಎರಡರ ಮುಂದೆಯೂ ಪರಿಶೀಲನೆಯಲ್ಲಿದೆ ಅಂತಲೇ ಇದೆ.